ಲಾಳಿಯ ಸದ್ದು

ಚೌಡೇಶ ಬೆಂಗಳೂರಿನ ಬಸ್ಸಿಗೆ ಹೊರಟುಹೋದ ಮೇಲೆ ವಾಣಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಹೆದರಿಕೆಯೂ ಆಯಿತು. ಹೃದಯದ ಆಪರೇಷನ್ ಆದ ಮೇಲೆ ಅವನಿಗೆ ಇದು ಮೂರನೆಯ ಚೆಕಪ್ಪು. ಸ್ಕ್ಯಾನಿಂಗ್ ಮಾಡುತ್ತಾರೆ, ಮಾತ್ರೆ ಹೆಚ್ಚುಕಮ್ಮಿ ಮಾಡುತ್ತಾರೆ, ಸಂಜೆಗೆಲ್ಲ ದೊಡ್ಡಬಳ್ಳಾಪುರಕ್ಕೆ ವಾಪಸು. ಈ ಸಲ ಮಗಳನ್ನೂ ಕರೆದುಕೊಂಡು ಹೋಗಿ ತೋರಿಸುವುದೆಂದು ಗಂಡ ಹೆಂಡತಿ ನಿಶ್ಚಯ ಮಾಡಿದ್ದರು. ನಿಶ್ಚಯ ಎಂದರೆ, ಹೋದಾಗಲೆಲ್ಲ ಡಾಕ್ಟರು ಹೇಳುತ್ತಿದ್ದ ಮಾತನ್ನು ಅವನು ಊಟದ ತಟ್ಟೆ ನೋಡಿಕೊಂಡು ಇನ್ನೊಮ್ಮೆ ಹೇಳಿದ್ದ, ಅವಳು ಸಾರಿನ ಪಾತ್ರೆ ನೋಡಿಕೊಂಡು ಹೂಂ ಎಂದಿದ್ದಳು. ಬೆಳಿಗ್ಗೆ ಅಕ್ಷತ ತಲೆ ಬಾಚಿಕೊಳ್ಳುತ್ತಾ ಬಂದು, ‘ಅಪ್ಪ, ಇವತ್ತು ನಾಲ್ಕು ಗಂಟೆಗೆ ತಾಲ್ಲೂಕು ಟೀಮಿಗೆ ಖೋ ಖೋ ಸೆಲೆಕ್ಷನ್ನು. ಇವತ್ತು ಬಿಟ್ರೆ ಮುಂದಿನ ವರ್ಷಾನೇ’ ಅಂದಳು. ಅವಳ ಮಾತು ಮುಗಿಯುವುದಕ್ಕೆ ಮೊದಲೇ ವಾಣಿ, ‘ಹೋಗ್ಲಿ ಬಿಡಿ, ಮುಂದಿನ ಸಲ ಕರ್ಕೊಂಡ್ಹೋದ್ರಾಯ್ತು’ ಎಂದುಬಿಟ್ಟಿದ್ದಳು. ಅಷ್ಟು ಬೇಗ ಹೇಳಬಾರದಿತ್ತು. ಚೌಡೇಶ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಅವನೂ ಕಾಯುತ್ತಿದ್ದದ್ದು ಇಂಥದೊಂದು ನೆಪಕ್ಕೇ ಎಂದು ಅವಳಿಗೆ ಆಗ ಗೊತ್ತಾಯಿತು. ‘ಹೂಂ, ಮುಂದಿನ ಸಲ’ ಎಂದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಅವಳು ಒಳಗೆ ಬಂದು ಎರಡು ಮಗ್ಗಗಳ ಸ್ವಿಚ್ಚು ಹಾಕಿದಳು. ಗೋಡೆಯಾಚೆ ಅಂಜಿನಮ್ಮನ ಮನೆಯ ಮಗ್ಗಗಳು, ಎದುರು ಸಾಲಿನವು, ಹಿಂದಿನ ಬೀದಿಯವು ಆಗಲೇ ಓಡುತ್ತಿದ್ದವು. ಈ ಬೀದಿಯಲ್ಲಿ ಮಾತಿಗೆ ಬಾಯಿಗಿಂತ ಕೈ ಹೆಚ್ಚು ಬೇಕು. ಊಟಕ್ಕೆ ಬಾ ಎನ್ನುವುದಕ್ಕೊಂದು ಸನ್ನೆ, ಯಾರೋ ಬಂದಿದ್ದಾರೆ ಎನ್ನುವುದಕ್ಕೊಂದು ಸನ್ನೆ. ತೋಳನ್ನು ನೆಟ್ಟಗೆ ಎತ್ತಿ ಮುಷ್ಟಿ ಹಿಡಿದರೆ ನಿಲ್ಲಿಸು ಎಂದು. ಆ ಮುಷ್ಟಿ ಕಂಡರೆ ಯಾಕೆ ಏನು ಎಂದು ಕೇಳುವ ಹಾಗಿಲ್ಲ, ಮೊದಲು ನಿಲ್ಲಬೇಕು. ಯಾರದೋ ಸೆರಗು ಸಿಕ್ಕಿಕೊಂಡಿರಬಹುದು, ಮಗುವಿನ ಕೈ ಇರಬಹುದು. ಅಕ್ಷತ ಅಮ್ಮ ಅನ್ನುವುದನ್ನು ಕಲಿಯುವುದಕ್ಕೆ ಮೊದಲೇ ಆ ಮುಷ್ಟಿಯನ್ನು ಕಲಿತಿದ್ದಳು. ಅಂಬೆಗಾಲಿಡುತ್ತಾ ಮಗ್ಗದ ಕಡೆ ಹೊರಟವಳು ಅಜ್ಜಿಯ ಕೈ ಮೇಲೆದ್ದರೆ ಇದ್ದಲ್ಲೇ ಕೂತುಬಿಡುತ್ತಿದ್ದಳು, ಮನೆಯವರೆಲ್ಲ ನಗುತ್ತಿದ್ದರು. ಇಲ್ಲಿನವರಿಗೆ ಸದ್ದು ಇದ್ದರೇ ನಿದ್ದೆ. ಕರೆಂಟು ಹೋಗಿ ಮಗ್ಗಗಳು ನಿಂತರೆ ಎಂಥಾ ನಿದ್ದೆಯಲ್ಲಿರುವವರೂ ಎದ್ದು ಕೂರುತ್ತಾರೆ, ಏನಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ವಾಣಿಯ ತವರಿನಲ್ಲಿ ಇದ್ದದ್ದು ಕೈಮಗ್ಗ. ಅಪ್ಪ ಎದ್ದರೆ ಅದೂ ಸುಮ್ಮನಾಗುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ನಿದ್ದೆಯೇ ಇಲ್ಲ. ಹೇಳಿಕೊಂಡರೆ ನಗುತ್ತಾರೆಂದು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದಳು. ಒಂದು ದಿನ, ಹೊರಗಿನ ಸದ್ದು ಒಂದು ಕಿವಿಗಾದರೂ ತಪ್ಪಲಿ ಎಂದು ಗಂಡನ ಎದೆಯ ಮೇಲೆ ತಲೆಯಿಟ್ಟಳು. ಒಳಗೆ ಇನ್ನೊಂದು ಸದ್ದಿತ್ತು. ಧಬ್ ಎಂದು ಒಂದು ಏಟು, ಅದರ ಬೆನ್ನಿಗೇ ಸರ್ರನೆ ಏನೋ ಹಾದುಹೋದ ಹಾಗೆ, ಮತ್ತೆ ಧಬ್. ಲಾಳಿ ಹಾಸಿನ ಎಳೆಗಳ ಮಧ್ಯೆ ಹಾದು ಆಚೆ ಬದಿಗೆ ಹೊಡೆದ ಹಾಗೆ. ಆ ಸದ್ದನ್ನು ಕೇಳುತ್ತಾ ಕೇಳುತ್ತಾ ಅವಳು ಮಲಗಿದ್ದು ಬೆಳಗಾದ ಮೇಲೇ ತಿಳಿದದ್ದು. ಗಂಡನಿಗೆ ಹೇಳಿದಾಗ ಅವನು ಎದೆ ಉಬ್ಬಿಸಿ, ‘ನೇಕಾರನ ಎದೆ ಕಣೇ. ಒಳಗೂ ಒಂದು ಮಗ್ಗ ಮಡಗಿದೀನಿ’ ಅಂದಿದ್ದ. ಗಂಡಸರ ಎದೆ ಎಂದರೆ ಹೀಗೇ ಇರುತ್ತದೆ, ಗಟ್ಟಿಮುಟ್ಟಾದವರದು ಜೋರಾಗಿ ಇರುತ್ತದೆ ಎಂದು ಅವಳು ನಂಬಿದಳು. ಹದಿನಾರು ವರ್ಷ ಅದನ್ನು ಕೇಳಿಕೊಂಡು ಸುಖವಾಗಿ ಮಲಗಿದಳು. ಅದು ಕಾಯಿಲೆಯ ಸದ್ದು ಎಂದು ಯಾರಿಗೆ ಗೊತ್ತಿತ್ತು?

ಒಂದು ಎಳೆ ಕಡಿದು ಮಗ್ಗ ನಿಂತಿತು. ಅವಳು ಎಳೆ ಹುಡುಕಿ ಗಂಟು ಹಾಕಿ ಮತ್ತೆ ಓಡಿಸಿದಳು. ಹೋದ ವರ್ಷ ಚಿಕ್ಕಪೇಟೆಯಲ್ಲಿ ಸೀರೆ ಗಂಟು ಹೊತ್ತು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಚೌಡೇಶ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಅದಕ್ಕೆ ಮೊದಲೂ ಏದುಸಿರು ಇತ್ತು, ವಯಸ್ಸಾಯಿತು ಬಿಡು ಎಂದು ಇಬ್ಬರೂ ತಮಾಷೆ ಮಾಡಿಕೊಂಡಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು: ಎರಡು ಕೋಣೆಗಳ ನಡುವಿನ ಗೋಡೆ ದಪ್ಪಗೆ ಬೆಳೆದು, ರಕ್ತ ಹೊರಗೆ ಹೋಗುವ ದಾರಿಗೇ ಅಡ್ಡ ಬಂದಿದೆ, ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ಆಗುವ ಸದ್ದೇ ನಮಗೆ ಕೇಳುವುದು, ಮಾತ್ರೆಗೆ ಬಗ್ಗುತ್ತಿಲ್ಲ, ಎದೆ ತೆರೆದು ಆ ಉಬ್ಬಿದ ಮಾಂಸವನ್ನು ಕೆತ್ತಿ ತೆಗೆಯಬೇಕು. ಅಷ್ಟು ಹೊತ್ತು ಹೃದಯವನ್ನು ನಿಲ್ಲಿಸಿ ಮೆಷಿನ್ನಿನಿಂದ ರಕ್ತ ಓಡಿಸುತ್ತೇವೆ. ನಿಲ್ಲಿಸಿ ಎಂಬ ಮಾತಿನ ನಂತರ ಡಾಕ್ಟರು ಹೇಳಿದ್ದು ಯಾವುದೂ ವಾಣಿಯ ತಲೆಗೆ ಹೋಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಗೋಡೆ ಹಿಡಿದು ನಿಂತಾಗ ಚೌಡೇಶನೇ ಸಮಾಧಾನ ಹೇಳಿದ. ‘ಓಡೋ ಮಗ್ಗದಲ್ಲಿ ಎಳೆ ಕಟ್ಟಕ್ಕಾಗುತ್ತಾ? ನಿಲ್ಸೇ ತಾನೇ ಕಟ್ಟೋದು. ಇದೂ ಹಂಗೇ ಕಣೇ’ ಅಂದ. ಅವಳಿಗೆ ಮಾತ್ರ ತಲೆಯಲ್ಲಿದ್ದದ್ದು ನೋಡೇ ಇಲ್ಲದ ಮಾವ.

ಮಾವ ದೊಡ್ಡವೆಂಕಟಪ್ಪ ಸತ್ತದ್ದು ಇದೇ ಕೋಣೆಯಲ್ಲಿ, ಚೌಡೇಶ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಅವರು ಮಗ್ಗದ ಪಕ್ಕ ಬಿದ್ದು ಪ್ರಾಣ ಹೋಗಿದ್ದರೂ ಮಗ್ಗ ಓಡುತ್ತಲೇ ಇತ್ತು. ಒಳಗೆ ನೂಲು ಸುತ್ತುತ್ತಿದ್ದ ಅತ್ತೆ ಅಕ್ಕಯ್ಯಮ್ಮನಿಗೆ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು. ಲಾಳಿಯ ಕಂಡಿಕೆಯಲ್ಲಿದ್ದ ನೂಲು ಮುಗಿದು ಮಗ್ಗ ತಾನಾಗಿ ನಿಂತಾಗಲೇ ಆಕೆ ಬಂದು ನೋಡಿದ್ದು. ಮೋಟಾರಿನಿಂದ ಶಾಕ್ ಹೊಡೆದಿದೆ ಎಂದರು ಎಲ್ಲರೂ. ನೇಕಾರರ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸು ಮಗ್ಗದ ಹತ್ತಿರ ಸತ್ತು ಬಿದ್ದರೆ ಬೇರೆ ಏನನ್ನು ತಾನೇ ಅನ್ನುತ್ತಾರೆ? ಅಂದಿನಿಂದ ಈ ಮನೆಯಲ್ಲಿ ರಬ್ಬರ್ ಚಪ್ಪಲಿ ಇಲ್ಲದೆ ಯಾರೂ ಮಗ್ಗದ ಕೋಣೆಗೆ ಕಾಲಿಡುವ ಹಾಗಿಲ್ಲ. ದೇವರ ಕೋಣೆಗೆ ಬಿಟ್ಟು ಹೋಗಬೇಕಾದ ಚಪ್ಪಲಿಯನ್ನು ಇಲ್ಲಿ ಹಾಕಿಕೊಂಡೇ ಹೋಗಬೇಕು. ‘ಅದು ಶಾಕ್ ಆಗಿರಲಿಕ್ಕಿಲ್ಲ, ಇದೇ ಕಾಯಿಲೆ ಇದ್ದಿರಬೇಕು, ಇದು ವಂಶದಲ್ಲಿ ಬರುತ್ತೆ’ ಎಂದು ಡಾಕ್ಟರು ಹೇಳಿದ್ದನ್ನು ಚೌಡೇಶ ಮನೆಗೆ ಬಂದು ಹೇಳಿದಾಗ ಅಕ್ಕಯ್ಯಮ್ಮ ಸಿಟ್ಟಾಗಿದ್ದಳು. ‘ಅವ್ರೇನು ಬಂದು ನೋಡಿದ್ರಾ? ನಾನು ನೋಡಿದೀನಿ. ಕರೆಂಟೇ ಅದು’ ಎಂದು ಎದ್ದುಹೋಗಿದ್ದಳು. ಅಷ್ಟು ವರ್ಷ ಮಗನನ್ನೂ ಮೊಮ್ಮಗಳನ್ನೂ ಕಾಯ್ದುಕೊಂಡು ಬಂದ ಚಪ್ಪಲಿಗಳು ಬಾಗಿಲ ಬಳಿ ಸಾಲಾಗಿ ಬಿದ್ದಿದ್ದವು. ವಾಣಿಗೆ ಅತ್ತೆಯನ್ನು ಕಂಡು ಅಯ್ಯೋ ಅನ್ನಿಸಿತ್ತು. ತನಗೂ ಅಂಥ ಒಂದು ಜೊತೆ ಚಪ್ಪಲಿ ಸಿಕ್ಕಿದ್ದರೆ ಎಂದು ಹೊಟ್ಟೆಕಿಚ್ಚೂ ಆಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ವಾರ್ಡಿನಲ್ಲಿ ಒಂದು ದಿನ ಎದೆಬಡಿತ ತಾಳ ತಪ್ಪಿ, ನರ್ಸುಗಳು ಓಡಿ ಬಂದು, ವಾಣಿಯನ್ನು ಪರದೆಯಾಚೆ ನಿಲ್ಲಿಸಿ, ಮತ್ತೆ ಎಲ್ಲ ಸರಿಹೋಯಿತು. ಕತ್ತಿನ ಕೆಳಗಿಂದ ಹೊಟ್ಟೆಯವರೆಗೆ ನೆಟ್ಟಗೆ ಒಂದು ಗಾಯದ ಗೆರೆ. ಮೂರು ತಿಂಗಳು ಭಾರ ಎತ್ತಲಿಲ್ಲ, ಮಗ್ಗ ಮುಟ್ಟಲಿಲ್ಲ. ಈಗ ಮಹಡಿಗೆ ಒಂದೇ ಉಸಿರಿನಲ್ಲಿ ಹತ್ತುತ್ತಾನೆ, ಊಟ ಮಾಡಿದ ಮೇಲೆ ಎದೆ ಹಿಡಿದುಕೊಳ್ಳುವುದಿಲ್ಲ. ಜನ ಬಂದು ನೋಡಿ, ಹೊಸ ಮದುಮಗನ ಥರ ಆಗಿದಾನೆ ಅನ್ನುತ್ತಾರೆ. ಅವಳೂ ನಗುತ್ತಾಳೆ. ಆದರೆ ಆ ಎದೆಯ ಮೇಲೆ ತಲೆಯಿಟ್ಟರೆ ಏನೂ ಇಲ್ಲ. ಎಲ್ಲೋ ಆಳದಲ್ಲಿ ಸಣ್ಣಗೆ ಟಕ್ ಟಕ್ ಅನ್ನುತ್ತದೆ, ಅಷ್ಟೆ. ಯಾರದೋ ಎದೆ. ಅಭ್ಯಾಸವಿರುವ ಸದ್ದು ನಿಂತದ್ದಕ್ಕೆ ಅವಳ ಮೈ ದಿಗ್ಗನೆ ಎದ್ದು ಕೂರುತ್ತದೆ, ಗಂಡನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತದೆ. ಅವನು ಬದುಕಿದ್ದಾನೆ, ಹಾಯಾಗಿ ಮಲಗಿದ್ದಾನೆ. ಎಂಟು ತಿಂಗಳಿಂದ ಅವಳದು ಕೋಳಿನಿದ್ದೆ.

ಇದನ್ನು ಕಳೆದ ಸಲ ಡಾಕ್ಟರಿಗೆ ಕೇಳಿಯೂ ಕೇಳಿದ್ದಳು. ಕೇಳಬಾರದಿತ್ತು. ರೂಮಿನ ತುಂಬ ಕಲಿಯುವ ಡಾಕ್ಟರುಗಳು, ಅವರಲ್ಲಿ ಅಕ್ಷತಳಿಗಿಂತ ನಾಲ್ಕಾರು ವರ್ಷ ದೊಡ್ಡವರಂತೆ ಕಾಣುವ ಹುಡುಗಿಯರು. ‘ಸಾರ್, ಮೊದ್ಲು ಎದೇಲಿ ಒಂದು ಸದ್ದಿತ್ತು, ಈಗ ಇಲ್ವಲ್ಲ ಸಾರ್, ಏನೂ ತೊಂದ್ರೆ ಇಲ್ವಾ?’ ಎಂದಳು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ‘ಅದು ಹೋಗ್ಲಿ ಅಂತಾನೇ ಅಲ್ವೇನಮ್ಮಾ ಆಪರೇಷನ್ ಮಾಡಿದ್ದು?’ ಎಂದರು. ಹುಡುಗಿಯರು ನಕ್ಕರು. ಕೆಟ್ಟ ನಗುವೇನಲ್ಲ, ಆದರೂ ಚೌಡೇಶ ಕೂಡ ಅವರ ಜೊತೆ ನಕ್ಕದ್ದು ಅವಳಿಗೆ ಬಸ್ಸಿನುದ್ದಕ್ಕೂ ಚುಚ್ಚುತ್ತಿತ್ತು. ನಗು ಮುಗಿಸಿ ಡಾಕ್ಟರು, ದಾರಿ ಸರಿಯಾಗಿದೆಯೇ ಹೊರತು ಕಾಯಿಲೆಯ ಬೇರು ಮೈಯಲ್ಲೇ ಇರುತ್ತದೆ, ಮಾತ್ರೆ ಬಿಡಬಾರದು, ವರ್ಷ ವರ್ಷ ತೋರಿಸುತ್ತಿರಬೇಕು ಎಂದರು. ‘ಮಗೂನ ಯಾವಾಗ ಕರ್ಕೊಂಡ್ ಬರ್ತೀರಾ? ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ ಇರುತ್ತೆ. ಓಡೋದು ಆಡೋದು ಇದ್ರೆ ಬೇಗ ತೋರಿಸ್ಬೇಕು.’ ಅರ್ಧಕ್ಕರ್ಧ. ಇರುವುದು ಒಂದೇ ಮಗು. ಒಂದೇ ಮಗುವಿನಲ್ಲಿ ಅರ್ಧ ಎಂದರೆ ಯಾವ ಅರ್ಧ? ತೋರಿಸದೆ ಇರುವಷ್ಟು ದಿನ ಒಳ್ಳೆಯ ಅರ್ಧ ತನ್ನ ಕೈಯಲ್ಲೇ ಇರುತ್ತದೆ ಎಂದು ಅವಳ ಮನಸ್ಸು ಲೆಕ್ಕ ಹಾಕಿತ್ತು. ಇದು ದಡ್ಡತನ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ.

ಹೋದ ತಿಂಗಳು ಅಕ್ಷತ ಆಟ ಮುಗಿಸಿ ಬಂದು ಬಾಗಿಲಲ್ಲೇ ಕೂತು, ‘ಅಮ್ಮ, ಓಡಿ ನಿಂತ್ಕೊಂಡ್ನಾ, ಕಣ್ಣು ಕತ್ಲೆ ಬಂದಂಗಾಯ್ತು’ ಅಂದಿದ್ದಳು. ಕಣ್ಣು ಕತ್ತಲೆ ಎಂಬ ಅದೇ ಮಾತು. ‘ಬೆಳಿಗ್ಗೆ ತಿಂಡಿ ಬಿಟ್ಟು ಹೋದ್ರೆ ಇನ್ನೇನಾಗುತ್ತೆ?’ ಎಂದು ವಾಣಿ ಗದರಿದಳು. ಗದರುವಾಗ ತನ್ನ ದನಿ ತನಗೇ ಜೋರಾಗಿ ಕೇಳಿತು. ಗ್ಲೂಕೋಸ್ ಕಲಸಿ ಕುಡಿಸಿದಳು, ದಿನಾ ರಾಗಿ ಮಾಲ್ಟ್ ಕೊಡಲು ಶುರುಮಾಡಿದಳು. ಚೌಡೇಶನಿಗೆ ಹೇಳಲಿಲ್ಲ. ಆಪರೇಷನ್ ಆದವನಿಗೆ ಯಾಕೆ ಗಾಬರಿ ಎಂದುಕೊಂಡಳು.

ಊಟದ ಹೊತ್ತಿಗೆ ಸ್ಕೂಲಿನಿಂದ ಆಟದ ಹುಡುಗಿಯರನ್ನು ಬಿಟ್ಟಿದ್ದರು. ಅಕ್ಷತ ಬೀದಿಯ ತುದಿಯಿಂದಲೇ ಓಡಿಕೊಂಡು ಬಂದಳು. ಕೆನ್ನೆ ಕೆಂಪಾಗಿತ್ತು. ಎರಡು ಮುದ್ದೆ ಬಸ್ಸಾರಿನಲ್ಲಿ ಮುಳುಗಿಸಿ ನುಂಗಿ, ‘ಮೂರೂವರೆಗೆ ಎಬ್ಬಿಸ್ಬೇಕು ಆಯ್ತಾ? ಮರೀಬೇಡ’ ಎಂದು ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ವಾಣಿ ತನ್ನ ಮಗ್ಗಗಳನ್ನು ನಿಲ್ಲಿಸಿ, ಪಾತ್ರೆ ತೊಳೆದಿಟ್ಟು, ಬಂದು ಮಗಳ ಪಕ್ಕ ಉರುಳಿದಳು. ಅತ್ತೆ ಜಗಲಿಯಲ್ಲಿ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತಿದ್ದಳು. ಗೋಡೆಯಾಚೆ ಅಂಜಿನಮ್ಮನ ಮಗ್ಗ ಹೊಡೆದುಕೊಳ್ಳುತ್ತಿತ್ತು. ಮಗಳ ಬೆನ್ನಿನಲ್ಲಿ ಬೆವರು, ಸೋಪು, ಮೈದಾನದ ಮಣ್ಣು ಎಲ್ಲ ಸೇರಿದ ವಾಸನೆ. ಎಷ್ಟು ಬೇಗ ಬೆಳೆದುಬಿಟ್ಟಳು, ಮುಟ್ಟಿದರೆ ಕೈ ತಳ್ಳುವ ವಯಸ್ಸು. ಮಲಗಿದಾಗ ಮಾತ್ರ ಸಿಗುತ್ತಾಳೆ. ವಾಣಿ ಮೆಲ್ಲಗೆ ಸರಿದು ಆ ಬೆನ್ನಿಗೆ ಕಿವಿಯಿಟ್ಟು, ತೋಳು ಬಳಸಿ ಅಂಗೈಯನ್ನು ಎದೆಯ ಎಡಕ್ಕಿಟ್ಟಳು. ಚೌಡೇಶ ಈಗ ಸ್ಕ್ಯಾನಿಂಗಿನ ಮಂಚದ ಮೇಲಿರಬಹುದು, ತಣ್ಣಗಿನ ಜೆಲ್ ಹಚ್ಚುತ್ತಿರಬಹುದು ಎಂದುಕೊಂಡಳು. ಡಾಕ್ಟರು ಮಗಳೆಲ್ಲಿ ಎಂದು ಕೇಳಿದರೆ ಖೋ ಖೋ ಅಂತ ಹೇಳುತ್ತಾನಾ? ಹೇಳಿದರೆ ಅವರು ಏನನ್ನುತ್ತಾರೆ? ಆಮೇಲಿನದನ್ನು ಯೋಚಿಸಲು ಅವಳಿಗೆ ಆಗಲಿಲ್ಲ. ಬಹಳ ದಿನದ ಮೇಲೆ ಕೈಕಾಲು ಸಡಿಲವಾದವು, ತಲೆಯಲ್ಲಿದ್ದದ್ದೆಲ್ಲ ಒಂದೊಂದಾಗಿ ಕಳಚಿಕೊಂಡಿತು. ಮಗ್ಗದ ಸದ್ದು ಹತ್ತಿರವಾಗಿ, ಹದವಾಗಿ ಕೇಳುತ್ತಿತ್ತು. ತಾನಿನ್ನೂ ಹೊಸ ಮದುವಣಗಿತ್ತಿ, ಎಲ್ಲ ಸರಿಯಾಗಿದೆ, ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನಿಸುತ್ತಿತ್ತು. ಅಂಥ ನಿದ್ದೆ ಅವಳಿಗೆ ಎಂಟು ತಿಂಗಳಲ್ಲಿ ಬಂದಿರಲಿಲ್ಲ.

‘ವಾಣೀ, ಲೇ ವಾಣೀ’ ಎಂದು ಅತ್ತೆ ಭುಜ ಅಲ್ಲಾಡಿಸುತ್ತಿದ್ದಳು. ‘ಏನೇ ಇದು ನಿದ್ದೆ? ಕರೆಂಟ್ ಹೋಗಿ ಆಗ್ಲೇ ಎಷ್ಟೊತ್ತಾಯ್ತು. ಬೀದಿಯೋರೆಲ್ಲ ಆಚೆ ಬಂದು ಕೂತವ್ರೆ. ನಿಂಗೆ ಎಚ್ಚರಾನೇ ಆಗ್ಲಿಲ್ವಲ್ಲ, ನಂಗೆ ಗಾಬ್ರಿ ಆಗೋಯ್ತು.’

ವಾಣಿ ತಲೆಯೆತ್ತದೆ, ಕಣ್ಣು ಬಿಡದೆ, ನಿದ್ದೆಗಣ್ಣಿನಲ್ಲೇ ನಕ್ಕಳು. ‘ಎಲ್ಲತ್ತೆ ಕರೆಂಟ್ ಹೋಗಿದೆ? ಅಂಜಿನಮ್ಮನ ಮಗ್ಗ ಓಡ್ತಾನೇ ಇದೆಯಲ್ಲ.’

‘ಅದ್ಯಾವ ಮಗ್ಗನೇ? ಅಂಜಿನಮ್ಮ ಹೊರಗೆ ಅವರೆಕಾಯಿ ಸುಲೀತಾ ಕೂತವ್ಳೆ.’

‘ಕೇಳ್ತಿದೆಯಲ್ಲ ಅತ್ತೆ’ ಎಂದಳು ವಾಣಿ. ಕೇಳುತ್ತಿತ್ತು. ಧಬ್ ಎಂದು ಒಂದು ಏಟು, ಅದರ ಬೆನ್ನಿಗೇ ಸರ್ರನೆ ಏನೋ ಹಾದುಹೋದ ಹಾಗೆ, ಮತ್ತೆ ಧಬ್.

ಅವಳು ಕಣ್ಣು ಬಿಟ್ಟಳು. ಫ್ಯಾನು ನಿಂತಿತ್ತು. ಹೊರಗೆ ಯಾರೋ ಕೆಮ್ಮಿದ್ದು, ಕಾಗೆ ಕೂಗಿದ್ದು ಸ್ಪಷ್ಟವಾಗಿ ಕೇಳುವಷ್ಟು ಬೀದಿಯ ಸದ್ದಡಗಿತ್ತು. ಅವಳ ಕಿವಿ ಇನ್ನೂ ಮಗಳ ಬೆನ್ನಿನ ಮೇಲಿತ್ತು, ಅಂಗೈ ಇನ್ನೂ ಎದೆಯ ಮೇಲೆ. ಅಂಗೈಗೂ ಅದು ತಾಕುತ್ತಿತ್ತು. ಹದಿನಾರು ವರ್ಷ ಕೇಳಿದ್ದನ್ನು ಗುರುತು ಹಿಡಿಯಲು ಅವಳಿಗೆ ಯಾವ ಡಾಕ್ಟರೂ ಬೇಕಾಗಿರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ಬೆಂಕಿ ಹತ್ತುವಂಥ ನಾಚಿಕೆ. ಇದನ್ನು ಕೇಳಿಕೊಂಡು ತಾನು ಮಲಗಿದ್ದಳು. ಇದನ್ನು ಕೇಳಿ ತನಗೆ ಸುಖವಾಗಿತ್ತು.

‘ಯಾಕೇ, ಏನಾಯ್ತು? ಮುಖ ಹಂಗ್ಯಾಕೆ ಮಾಡ್ಕೊಂಡಿದೀಯ?’ ಎಂದಳು ಅಕ್ಕಯ್ಯಮ್ಮ. ವಾಣಿ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. ಫ್ಯಾನು ಕಿರುಗುಟ್ಟಿತು, ಗೋಡೆಯಾಚೆ ಒಂದು ಮಗ್ಗ ಎದ್ದಿತು, ಎದುರುಗಡೆ ಎರಡು, ಆಮೇಲೆ ಇಡೀ ಬೀದಿ. ಅವಳು ಮತ್ತೆ ಬೆನ್ನಿಗೆ ಕಿವಿಯೊತ್ತಿದಳು. ಈಗ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಬಿಡಿಸಲು ಆಗಲಿಲ್ಲ. ಒಂದು ಕ್ಷಣ ಎಷ್ಟು ಆಸೆಯಾಯಿತು ಅವಳಿಗೆ! ಮಗ್ಗದ ಸದ್ದೇ ಅದು, ನಿದ್ದೆಗಣ್ಣು, ಭ್ರಮೆ. ಎದ್ದು ಮುಖ ತೊಳೆದುಕೊಂಡು ಸ್ವಿಚ್ಚು ಹಾಕಿದರೆ ಮುಗಿಯಿತು. ಅತ್ತೆ ಕರೆಂಟು ಎಂದು ಹೇಳಿಕೊಂಡು ಮೂವತ್ತು ವರ್ಷ ಕಳೆಯಲಿಲ್ಲವೇ, ತಾನೂ ಮಗ್ಗ ಎಂದು ಹೇಳಿಕೊಂಡು ಕಳೆಯಬಹುದು. ಅತ್ತೆ ಆಗಲೇ ಮಗ್ಗದ ಕೋಣೆಯ ಬಾಗಿಲಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತು ಅವಳನ್ನೇ ನೋಡುತ್ತಿದ್ದಳು.

ಅಕ್ಷತ ಹೊರಳಿ ಎದ್ದು ಕೂತಳು. ‘ಟೈಮೆಷ್ಟಮ್ಮ? ಯಾಕಮ್ಮ ಹಂಗೆ ನೋಡ್ತಿದೀಯ?’ ಎಂದು ಕೂದಲನ್ನು ಮೇಲೆತ್ತಿ ಕಟ್ಟಿಕೊಳ್ಳತೊಡಗಿದಳು. ವಾಣಿ ಮೂಲೆಯಲ್ಲಿದ್ದ ಅವಳ ಬಿಳಿ ಶೂಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಗಂಡನಿಗೆ ಫೋನು ಮಾಡಿದಳು. ಗದ್ದಲದಲ್ಲಿ ಕೇಳಲೆಂದು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಆ ಅಂಗೈಯಲ್ಲಿ ಅದು ಇನ್ನೂ ಹೊಡೆಯುತ್ತಿರುವಂತೆ ಇತ್ತು.

‘ಹೇಳು’ ಎಂದ ಚೌಡೇಶ ಆಚೆಯಿಂದ. ‘ನಂದೆಲ್ಲ ಚೆನ್ನಾಗಿದೆಯಂತೆ. ಸ್ಕ್ಯಾನಿಂಗಲ್ಲಿ ದಾರಿ ಕ್ಲಿಯರಾಗಿದೆ ಅಂದ್ರು. ಈಗ ಹೊರಡ್ತಾ ಇದೀನಿ.’

‘ಹೊರಡ್ಬೇಡಿ’ ಎಂದಳು. ‘ರೀ, ಅಲ್ಲೇ ಇರಿ. ಡಾಕ್ಟ್ರು ಸಂಜೆ ತನಕ ಇರ್ತಾರಾ ಕೇಳಿ. ನಾವಿಬ್ರೂ ಬರ್ತಿದೀವಿ.’

ಯಾಕೆ ಎಂದು ಅವನು ಕೇಳುತ್ತಾನೆಂದು ಅವಳು ಕಾದಳು. ಹೇಗೆ ಹೇಳಬೇಕು ಎಂದು ಮಾತು ಹುಡುಕುತ್ತಾ ಕಾದಳು. ಅವನು ಕೇಳಲಿಲ್ಲ. ಆಸ್ಪತ್ರೆಯ ಗೌಜು ಮಾತ್ರ ಕೇಳಿಸಿತು, ಯಾರದೋ ಹೆಸರು ಕೂಗುತ್ತಿದ್ದರು. ಆಮೇಲೆ ಅವನು ಹೇಳಿದ: ‘ಬಸ್ ಸ್ಟ್ಯಾಂಡ್ ತನಕ ನಡೆಸ್ಬೇಡ ಮಗೂನ. ಆಟೋ ಮಾಡ್ಕೋ.’

ಅಷ್ಟು ದಿನವೂ ಅವನಿಗೆ ಗೊತ್ತಿತ್ತು, ಅಥವಾ ಅವಳಷ್ಟೇ ಹೆದರಿದ್ದ. ಎರಡೂ ಈಗ ಒಂದೇ.

‘ಅಪ್ಪ ಬರಕ್ಕೆ ಹೇಳ್ತಿದಾರಾ? ಸೆಲೆಕ್ಷನ್ನು?’ ಎಂದು ಅಕ್ಷತ ಮುಖ ಊದಿಸಿಕೊಂಡಳು. ‘ಅಪ್ಪಂಗೆ ಏನಾದ್ರೂ ಆಯ್ತಾ?’ ಎಂದು ಆಮೇಲೆ ಕೇಳಿದಳು, ಕಣ್ಣಲ್ಲಿ ಹೆದರಿಕೆ ಬಂತು. ವಾಣಿ ಇಲ್ಲ ಎಂದು ತಲೆಯಾಡಿಸಿದಳು. ‘ಅಪ್ಪ ಚೆನ್ನಾಗಿದಾರೆ. ನಾವು ಹೋಗ್ಬೇಕು ಅಷ್ಟೆ. ಆಟೋದಲ್ಲಿ ಹೋಗೋಣ’ ಎಂದಳು. ಸೀರೆ ಬದಲಾಯಿಸದೆ ಪರ್ಸು ಹುಡುಕಲು ಒಳಗೆ ತಿರುಗಿದಳು. ಅಪ್ಪನಿಗೇ ಏನೋ ಆಗಿದೆ, ಅಮ್ಮ ಮುಚ್ಚಿಡುತ್ತಿದ್ದಾಳೆ ಎಂದು ಹುಡುಗಿ ತಿಳಿದಿರಬೇಕು. ವಾಣಿ ಹೊರಗೆ ಬರುವಷ್ಟರಲ್ಲಿ ಅಕ್ಷತ ಬರಿಗಾಲಿನಲ್ಲಿ ಆಟೋ ಕರೆತರಲು ಬೀದಿಯಲ್ಲಿ ಓಡುತ್ತಿದ್ದಳು. ಖೋ ಸಿಕ್ಕಿದವಳ ಹಾಗೆ ಮೈ ಬಗ್ಗಿಸಿ, ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿ ಓಡುತ್ತಿದ್ದಳು.

‘ಓಡ್ಬೇಡ! ಅಕ್ಷತಾ, ಓಡ್ಬೇಡ ಕಣೇ!’ ವಾಣಿ ಕೂಗಿದಳು. ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು. ಅವಳ ಕೂಗು ಅವಳಿಗೇ ಕೇಳಲಿಲ್ಲ. ಇನ್ನೂ ಹೊರಗೇ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಂಜಿನಮ್ಮ ಕೂಡ ತಲೆಯೆತ್ತಲಿಲ್ಲ. ವಾಣಿ ಮತ್ತೆ ಕೂಗಿದಳು, ಗಂಟಲು ಹರಿಯುವಂತೆ ಕೂಗಿದಳು. ಹುಡುಗಿ ತಿರುವಿನ ಹತ್ತಿರ ಹೋಗಿ, ಅಮ್ಮ ಬರುತ್ತಿದ್ದಾಳೋ ಇಲ್ಲವೋ ಎಂದು ಓಡುತ್ತಲೇ ಹಿಂದಕ್ಕೆ ತಿರುಗಿದಳು.

ವಾಣಿ ತೋಳನ್ನು ನೆಟ್ಟಗೆ ಎತ್ತಿ ಮುಷ್ಟಿ ಹಿಡಿದಳು.

ಅಕ್ಷತ ಇದ್ದಲ್ಲೇ ನಿಂತಳು. ಯಾಕೆ ಏನು ಎಂದು ಕೇಳದೆ, ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, ಅಮ್ಮನ ಎತ್ತಿದ ಕೈಯನ್ನೇ ನೋಡುತ್ತಾ ನಿಂತಳು. ಮುಷ್ಟಿ ಬಿಟ್ಟರೆ ಎಲ್ಲಿ ಮತ್ತೆ ಓಡುತ್ತಾಳೋ ಎಂದು ವಾಣಿ ಕೈಯನ್ನು ಇಳಿಸಲಿಲ್ಲ. ಹಾಗೇ ಎತ್ತಿಕೊಂಡು, ಮಗಳ ಕಡೆಗೆ ನಡೆಯತೊಡಗಿದಳು.